ಫ್ಯಾನ್ ಒಲೆಗೆ ಮೆತ್ತಿದ ಮಣ್ಣು

ಬೆಂಕಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಫರ್ನೇಸ್ ಮುಂದೆ ನಿಂತವನು ನಾನು. ಕಾದ ಕಬ್ಬಿಣದ ಬಣ್ಣ ನೋಡಿ ಎಷ್ಟು ಡಿಗ್ರಿ ಎಂದು ಹೇಳುತ್ತಿದ್ದೆ, ಮೀಟರು ಆಮೇಲೆ ಹೇಳುತ್ತಿತ್ತು. ಶಿಫ್ಟಿನ ಹುಡುಗರು ಬೆನ್ನ ಹಿಂದೆ ನನ್ನನ್ನು ಫರ್ನೇಸ್ ಲಿಂಗರಾಜು ಎನ್ನುತ್ತಿದ್ದರಂತೆ. ಕೇಳಿ ಹೆಮ್ಮೆಪಟ್ಟಿದ್ದೆ. ಥೂ, ಆ ಹೆಮ್ಮೆ ನೆನೆಸಿಕೊಂಡರೆ ಈಗ ಮೈ ಪರಚಿಕೊಳ್ಳುವ ಹಾಗಾಗುತ್ತೆ.

ಎರಡು ಸಾವಿರದ ಏಳನೇ ಇಸವಿಯ ಬೇಸಿಗೆಯ ಮಾತು. ಗ್ಯಾಸ್ ಬರೆಸಿದರೆ ಸಿಲಿಂಡರ್ ಮನೆಗೆ ಬರುವಷ್ಟರಲ್ಲಿ ತಿಂಗಳು ಕಳೆಯುತ್ತಿತ್ತು. ಸೊಸೈಟಿಯಲ್ಲಿ ಕೊಡುತ್ತಿದ್ದ ಸೀಮೆಎಣ್ಣೆ ಸಾಲುತ್ತಿರಲಿಲ್ಲ. ಆಗ ಒಂದು ಕಂಪನಿಯವರು ನಮ್ಮ ಕಡೆಗೆ ಹೊಸ ನಮೂನೆಯ ಒಲೆ ತಂದರು. ನೋಡಲು ಸ್ಟೀಲಿನ ಡಬ್ಬ. ಒಳಗೆ ಸೌದೆ ತುಂಬುವ ಗುಂಡಿ, ಅಡಿಯಲ್ಲೊಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಬ್ಯಾಟರಿ ಮತ್ತು ಅಂಗೈ ಅಗಲದ ಫ್ಯಾನು. ಡಬ್ಬದ ಬುಡದ ಸುತ್ತ ಸಣ್ಣ ಸಣ್ಣ ಸೀಳುಗಳಿದ್ದವು. ಫ್ಯಾನು ಗಾಳಿ ಎಳೆದುಕೊಳ್ಳುತ್ತಿದ್ದದ್ದು ಅಲ್ಲಿಂದಲೇ. ಸೌದೆ ಎಂದರೆ ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆ ಪುಡಿ ಮಾಡಿ ಒತ್ತಿದ ಗುಳಿಗೆ. ಕಂಪನಿಯವರು ಅದನ್ನು ಪೆಲೆಟ್ ಎನ್ನುತ್ತಿದ್ದರು. ನಮ್ಮ ಬೀದಿಯ ಹೆಂಗಸರು ಆಡಿನ ಹಿಕ್ಕೆ ಎಂದು ನಗುತ್ತಿದ್ದರು. ಒಲೆಗೆ ಕಂಪನಿ ಇಟ್ಟ ಇಂಗ್ಲಿಷ್ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ, ಎಲ್ಲರಿಗೂ ಅದು ಫ್ಯಾನ್ ಒಲೆ.

ನನ್ನ ಹೆಂಡತಿ ಸುಮಿತ್ರಾಗೆ ಆ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮನೆಮನೆಗೆ ಹೋಗಿ ಒಲೆ ಹಚ್ಚಿ ತೋರಿಸುವುದು, ಹೆಂಗಸರಿಗೆ ಕಲಿಸುವುದು. ಮೂರು ದಿನ ಟ್ರೈನಿಂಗ್ ಕೊಟ್ಟರು, ಕೊರಳಿಗೆ ಹಾಕಿಕೊಳ್ಳಲು ಫೋಟೋ ಇರುವ ಗುರುತಿನ ಕಾರ್ಡು ಕೊಟ್ಟರು. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಅವಳಿಗೆ ಸಿಕ್ಕ ಮೊದಲ ಕೆಲಸ ಅದು. ಬೆಳಿಗ್ಗೆ ತಿಂಡಿ ಮಾಡುವಾಗಲೂ ಆ ಕಾರ್ಡು ಕೊರಳಲ್ಲಿ ಇರುತ್ತಿತ್ತು. ಆದರೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮೂರು ತಿಂಗಳು ನೋಡುತ್ತೇವೆ, ಅಷ್ಟರೊಳಗೆ ಇವರ ಕೈತಪ್ಪಿನಿಂದ ಒಂದೇ ಒಂದು ಅವಘಡವಾದರೂ ಕಾರ್ಡು ವಾಪಸ್ ಎಂದು ಕಂಪನಿ ಹೇಳಿತ್ತು. ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಹೊಡೆದು ಹಾಕುತ್ತಿದ್ದಳು. ನಾನು ಆ ಗೀಟುಗಳನ್ನು ನೋಡಿ ತಮಾಷೆ ಮಾಡುತ್ತಿದ್ದೆ.

ಮನೆಗೂ ಒಂದು ಫ್ಯಾನ್ ಒಲೆ ಬಂತು. ತಕರಾರು ಶುರುವಾದದ್ದು ನಮ್ಮವ್ವನಿಂದ. ಅವ್ವನ ಹೆಸರು ಮಹದೇವಮ್ಮ, ಎಪ್ಪತ್ತು ದಾಟಿತ್ತು. ಸೋಮವಾರ ಲಿಂಗಪೂಜೆಗೆ ಎಡೆಯ ಅಡಿಗೆ ಅವಳೇ ಮಾಡಬೇಕು. ಚಾಮುಂಡಿ ಬೆಟ್ಟದ ತಪ್ಪಲಿನ ಮಠದಲ್ಲಿ ಶ್ರಾವಣದ ಸೋಮವಾರಗಳ ದಾಸೋಹಕ್ಕೂ ಮೂವತ್ತು ವರ್ಷದಿಂದ ಅವಳದೇ ಕೈ. ದೊಡ್ಡ ಒಲೆಯ ಮುಂದೆ ಅವ್ವ ಕೂತರೆ ಉಳಿದವರು ಸೌದೆ ಕೊಡಬೇಕು, ಅಷ್ಟೇ. ಅಂಥವಳು ಫ್ಯಾನ್ ಒಲೆಯನ್ನು ಒಂದು ಸುತ್ತು ನೋಡಿ ಮೂಗು ಮುರಿದಳು.

"ಇದೇನ್ ಒಲೆನಾ, ತಗಡಿನ್ ಡಬ್ಬನಾ? ಸಗಣಿ ಹಾಕಿ ಸಾರಿಸ್ದಿರೋ ಒಲೆ ಮ್ಯಾಲೆ ಎಡೆ ಎಂಗ್ಲಾ ಮಾಡ್ಲಿ? ನಾನ್ ಮುಟ್ಟಕ್ಕಿಲ್ಲ, ಬುಡು."

ನಮ್ಮ ಮನೆಗಳಲ್ಲಿ ಅದು ಸಣ್ಣ ಮಾತಲ್ಲ. ಒಲೆಯನ್ನು ಸಗಣಿ, ಕೆಮ್ಮಣ್ಣಿನಲ್ಲಿ ಸಾರಿಸಿ, ಮೂರು ಬೆರಳಿನ ವಿಭೂತಿ ಎಳೆದರೇ ಅದು ಒಲೆ. ಸುಮಿತ್ರಾ ಅತ್ತೆಯ ಮುಂದೆ ಕೂತು ನಯವಾಗಿಯೇ ಹೇಳಿದಳು: "ಅತ್ತೆ, ಇದ್ರ ಮೈಗೆ ಏನೂ ಮೆತ್ಬಾರ್ದು. ಕೆಳಗಡೆ ಸೀಳು ಮುಚ್ಕೊಂಡ್ರೆ ಗಾಳಿ ಹೋಗಲ್ಲ. ಬೆಂಕಿ ಮೇಲಕ್ಕೆ ಬರೋ ಬದ್ಲು ಕೆಳಗೆ ಬ್ಯಾಟ್ರಿಗೆ ತಟ್ಟುತ್ತೆ. ವಿಭೂತಿ ಬೇಕಾದ್ರೆ ಹಚ್ಚಿ, ಮಣ್ಣು ಬೇಡ."

ಅವ್ವ ವಿಭೂತಿಗೇ ಒಪ್ಪಿಕೊಳ್ಳುತ್ತಿದ್ದಳೋ ಏನೋ. ನಡುವೆ ಬಾಯಿ ಹಾಕಿದವನು ನಾನು, ಮಹಾ ಪಂಡಿತ! ನಮ್ಮ ಫರ್ನೇಸ್‌ಗಳ ಒಳಗೆಲ್ಲ ಗೇಣುದಪ್ಪ ಮಣ್ಣಿನ ಲೈನಿಂಗ್ ಇರುತ್ತೆ. ಶಾಖ ಸೋರದಿರಲಿ ಎಂದೇ ಅದನ್ನು ಕಟ್ಟುವುದು. ಅದೇ ಲೆಕ್ಕ ಇಲ್ಲಿಗೂ ಎಂದು ನನ್ನ ತಲೆಗೆ ಹೊಳೆಯಿತು.

"ಮಣ್ಣು ಮೆತ್ತಿದ್ರೆ ಶಾಖ ನಿಲ್ಲುತ್ತೆ ಕಣೇ, ಹಿಕ್ಕೆ ಉಳಿಯುತ್ತೆ," ಎಂದೆ. "ನಿನ್ನ ಮೂರು ದಿನದ ಟ್ರೈನಿಂಗು ನನ್ನ ಇಪ್ಪತ್ತೆರಡು ವರ್ಷಕ್ಕೆ ಪಾಠ ಹೇಳುತ್ತಾ?"

ಸುಮಿತ್ರಾ ಸುಮ್ಮನಾದಳು. ಅವಳು ಸುಮ್ಮನಾದರೆ ನಾನು ಗೆದ್ದೆ ಎಂದೇ ಹದಿನೆಂಟು ವರ್ಷ ತಿಳಿದುಕೊಂಡಿದ್ದೆ.

ಮೊದಲ ಸೋಮವಾರ ಅವಳು ಲಷ್ಕರ್ ಮೊಹಲ್ಲಾದ ಮನೆಗಳಿಗೆ ಒಲೆ ತೋರಿಸಲು ಹೋಗಿದ್ದಾಗ ಕೆಮ್ಮಣ್ಣಿಗೆ ಸಗಣಿ, ರಾಗಿ ಹೊಟ್ಟು ಕಲಸಿ ಹದ ಮಾಡಿಕೊಟ್ಟವನು ನಾನು. ಮೆತ್ತಿದವಳು ಅವ್ವ. ಬುಡದ ಹತ್ತಿರ ಬಂದಾಗ ಅವ್ವನೇ ಕೈ ನಿಲ್ಲಿಸಿದಳು. "ಇಲ್ಲಿ ತೂತ್ ಅವೆ ಕಣ್ಲಾ, ಸುಮಿತ್ರ ಬ್ಯಾಡ ಅಂದವ್ಳೆ" ಎಂದಳು. "ಅಲ್ಲೇ ಕಣವ್ವ ಶಾಖ ಸೋರೋದು, ಅಲ್ಲೇ ದಪ್ಪಗೆ ಹಾಕು" ಎಂದೆ ನಾನು. ಇದನ್ನು ಮರೆಯಬೇಡಿ. ಮುಂದೆ ಈ ಮಾತನ್ನು ನುಂಗಿಕೊಳ್ಳಲು ನಾನು ಏನೇನು ಮಾಡಿದೆ ಎನ್ನುವುದೇ ಕಥೆ.

ಸುಮಿತ್ರಾ ಸಂಜೆ ಬಂದವಳು ಒಂದು ಹೇರ್‌ಪಿನ್ನು ತಗೊಂಡು ಸೀಳುಗಳ ಮಣ್ಣನ್ನು ಒಂದೊಂದಾಗಿ ಬಿಡಿಸಿದಳು. ಮುಂದಿನ ಸೋಮವಾರ ಮತ್ತೆ ಮೆತ್ತಿದೆವು, ಮತ್ತೆ ಬಿಡಿಸಿದಳು. ಪಿನ್ನಿಗೆ ಎಷ್ಟು ಸಿಗುತ್ತೆ? ವಾರ ವಾರಕ್ಕೂ ಸೀಳುಗಳು ಕಿರಿದಾಗುತ್ತಾ ಬಂದವು. ಒಲೆ ಹೊಗೆ ಕಾರತೊಡಗಿತು. ಉರಿ ಮಂಕಾಗಿ ಹಳದಿಗೆ ತಿರುಗಿತು. ಕೆಳಗಿನ ಪೆಟ್ಟಿಗೆ ಮಾತ್ರ ಮುಟ್ಟಿದರೆ ಚುರ್ ಎನ್ನುವಷ್ಟು ಕಾಯುತ್ತಿತ್ತು. ಫ್ಯಾನಿನ ವೇಗ ಹೆಚ್ಚುಕಡಿಮೆ ಮಾಡುವ ಪ್ಲಾಸ್ಟಿಕ್ ನಾಬ್ ಕಾವಿಗೆ ಒಂದು ಕಡೆ ಸೊಟ್ಟಗಾಯಿತು.

ಅದನ್ನು ರಿಪೇರಿ ಮಾಡುವ ಹುಮ್ಮಸ್ಸಿನಲ್ಲಿ ನಾನು ಮಾಡದ ಸರ್ಕಸ್ ಇಲ್ಲ. ಗುಳಿಗೆಗೆ ತೇವ ಹೊಡೆದಿದೆ ಎಂದು ಟೆರೇಸ್ ಮೇಲೆ ಗೋಣಿ ಹಾಸಿ ಎರಡು ದಿನ ಒಣಗಿಸಿದೆ. ಬ್ಯಾಟರಿ ಸತ್ತಿದೆ ಎಂದು ಹೊಸದು ಹಾಕಿಸಿದೆ. ನೀನು ಜಾಸ್ತಿ ತುಂಬುತ್ತೀಯ ಎಂದು ಸುಮಿತ್ರಾ ಮೇಲೆ ಹರಿಹಾಯ್ದೆ. ಅವಳು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು: "ರೀ, ಮೊದ್ಲು ಮಣ್ಣು ತೆಗೀರಿ. ಆಮೇಲೆ ಬೇರೆದು ನೋಡಣ." ಮಣ್ಣು ತೆಗೆದರೆ ನಾನು ಸೋತ ಹಾಗೆ. ನಾನು ತೆಗೆಯಲಿಲ್ಲ.

ಮೇ ತಿಂಗಳ ಕೊನೆಯ ಭಾನುವಾರ ನಮ್ಮ ಮನೆಯಲ್ಲೇ ದೊಡ್ಡ ಪ್ರದರ್ಶನ ಇಟ್ಟುಕೊಂಡಿದ್ದಳು. ಹತ್ತು ಮನೆಯ ಹೆಂಗಸರು ಬರುವವರಿದ್ದರು. ಮೂರು ತಿಂಗಳು ಮುಗಿಯಲು ಒಂಬತ್ತು ದಿನ ಬಾಕಿ ಇತ್ತು. ಹಿಂದಿನ ದಿನ ಅವಳು ಮನೆಯಲ್ಲಿ ಇಲ್ಲದಾಗ, "ನಾಳೆ ಜನ ಬರ್ತಾರೆ, ಒಲೆ ಲಕ್ಷಣವಾಗಿ ಕಾಣ್ಲಿ" ಎಂದು ಅವ್ವನ ಕೈಯಲ್ಲಿ ಮತ್ತೊಂದು ಸುತ್ತು ಮೆತ್ತಿಸಿದ್ದೆ. ಭಾನುವಾರ ಬೆಳಿಗ್ಗೆ ಅವಳು ಒಲೆ ಎತ್ತಿ ಅಂಗಳದಲ್ಲಿ ಇಡುವಾಗ ಕೇಳಿದಳು.

"ಮತ್ತೆ ಮೆತ್ತಿದ್ದೀರಲ್ಲ. ಸೀಳು ಬಿಡಿಸಿದ್ದೀರಾ? ಇಲ್ದಿದ್ರೆ ನಾನು ವಸಂತಮ್ಮನ ಮನೆಯಿಂದ ಅವ್ರ ಒಲೆ ತರ್ತೀನಿ."

ನಾನು ಪೇಪರ್ ಓದುತ್ತಿದ್ದೆ. ತಲೆ ಎತ್ತಲಿಲ್ಲ. "ಎಲ್ಲಾ ಬಿಡಿಸಿದ್ದೀನಿ ಕಣೇ, ಹಚ್ಚು ಹೋಗು," ಎಂದೆ.

ಬಿಡಿಸಿರಲಿಲ್ಲ. ಯಾಕೆ ಹಾಗೆಂದೆ? ಏಳುವುದಕ್ಕೆ ಸೋಮಾರಿತನ ಎನ್ನಲೇ, ಹಠ ಎನ್ನಲೇ? ಏನೆಂದರೂ ಸುಳ್ಳು ಸುಳ್ಳೇ. ಅವಳು ನಂಬಿದಳು. ಬಗ್ಗಿ ನೋಡಬಹುದಿತ್ತು, ಗಂಡನ ಮಾತೆಂದು ನೋಡಲಿಲ್ಲ.

ಹೆಂಗಸರು ಬಂದರು. ಎದುರುಮನೆಯ ವಸಂತಮ್ಮ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಸುಮಿತ್ರಾ ಗುಂಡಿಯೊಳಗಿನ ಅಳತೆಯ ಗೀಟಿನವರೆಗೆ ಗುಳಿಗೆ ತುಂಬಿ, ಎಲ್ಲರಿಗೂ ತೋರಿಸಿ, ಚೂರು ಸೀಮೆಎಣ್ಣೆ ಚಿಮುಕಿಸಿ ಹಚ್ಚಿದಳು. ಮೇಲೆ ಅನ್ನಕ್ಕೆ ಎಸರಿಟ್ಟಳು. ಹತ್ತು ನಿಮಿಷ ಚೆನ್ನಾಗಿಯೇ ಇತ್ತು. ಆಮೇಲೆ ಹೊಗೆ ಬುಸುಬುಸು ಬಂತು, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಕೆಳಗಿನ ಪೆಟ್ಟಿಗೆಯ ಒಂದು ಮೂಲೆ ಕರಗಿ ಇಳಿಯತೊಡಗಿತು.

ಸುಮಿತ್ರಾ ಗಾಬರಿಯಾಗಲಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಸಿಬಟ್ಟೆಯಿಂದ ಪಾತ್ರೆ ಇಳಿಸಿದಳು. "ಎಲ್ಲಾರೂ ಗೋಡೆ ಕಡೆ ಹೋಗಿ. ಫ್ಯಾನು ಆರಿಸ್ಬಾರ್ದು, ಆರಿಸಿದ್ರೆ ಬೆಂಕಿ ಪೂರ್ತಿ ಕೆಳಗೇ ಇಳಿಯುತ್ತೆ. ನೀರಂತೂ ಹಾಕ್ಲೇಬಾರ್ದು. ಬಯಲಲ್ಲಿದೆ, ಅದರ ಪಾಡಿಗೆ ಉರಿದು ಆರ್ಲಿ. ಜಾಸ್ತಿ ಆದ್ರೆ ಮರಳು ಹಾಕಣ," ಎಂದು ಮರಳಿನ ಬಕೆಟ್ಟಿಗೆ ಕೈ ಹಾಕಿದಳು. ಅವಳ ಪಾಡಿಗೆ ಬಿಟ್ಟಿದ್ದರೆ ಅದೇ ಒಂದು ಒಳ್ಳೆಯ ಪಾಠವಾಗಿ ಮುಗಿಯುತ್ತಿತ್ತು.

ಬಿಡಬೇಕಲ್ಲ ನಾನು! ಹತ್ತು ಜನ ಹೆಂಗಸರ ಮುಂದೆ ಫರ್ನೇಸ್ ಲಿಂಗರಾಜು ಕೈಕಟ್ಟಿಕೊಂಡು ನಿಲ್ಲುವುದುಂಟೇ? "ಸರಿ ಆಕಡೆ" ಎಂದು ನುಗ್ಗಿದೆ. ಮೊದಲು ಫ್ಯಾನು ಆರಿಸಿದೆ. ಹೊಗೆ ಇನ್ನೂ ದಟ್ಟವಾಯಿತು. ತೊಟ್ಟಿಯಿಂದ ಚೊಂಬು ಎತ್ತಿದೆ. ಸುಮಿತ್ರಾ "ರೀ, ಬೇಡ" ಎಂದು ನನ್ನ ಕೈ ಹಿಡಿಯಲು ಬಂದಳು. ಅಷ್ಟರಲ್ಲಿ ಇಡೀ ಚೊಂಬನ್ನು ಗುಂಡಿಯೊಳಗೆ ಸುರಿದುಬಿಟ್ಟಿದ್ದೆ.

ಢಬ್ ಎಂದಿತು. ಬಿಸಿ ಹಬೆ, ಕೆಂಡದ ಪುಡಿ, ಬೂದಿ ಎಲ್ಲ ಒಟ್ಟಿಗೆ ಮೇಲಕ್ಕೆ ಚಿಮ್ಮಿತು. ನನಗೆ ಹುಬ್ಬು ಸೀದದ್ದು ಬಿಟ್ಟರೆ ಏನೂ ಆಗಲಿಲ್ಲ. ಚಾಚಿದ್ದ ಅವಳ ಬಲಗೈ ಮೊಣಕೈವರೆಗೆ ಬೆಂದಿತು.  ಕೈಯನ್ನು ಮುಂದಕ್ಕೆ ಹಿಡಿದುಕೊಂಡು ನಿಂತುಬಿಟ್ಟಳು.

ಆಗ ನನ್ನ ಬಾಯಿಂದ ಏನು ಬಂತು ಗೊತ್ತೇ? ಅಯ್ಯೋ ಎನ್ನಲಿಲ್ಲ, ಏನಾಯ್ತು ಎನ್ನಲಿಲ್ಲ. "ಎಷ್ಟು ತುಂಬಿದ್ದೀಯೇ ದರಿದ್ರದೋಳೆ! ಗೀಟು ದಾಟಿ ತುಂಬಿದ್ದೀಯ! ನಾಕ್ ಜನಕ್ಕೆ ಕಲಿಸೋಕೆ ಹೋಗ್ತಾಳಂತೆ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಹತ್ತು ಮನೆಯವರೂ ಕೇಳಿಸಿಕೊಂಡರು. ಗೀಟಿನವರೆಗೇ ತುಂಬಿದ್ದನ್ನು ಹತ್ತು ಜನವೂ ನೋಡಿದ್ದರು. ಆದರೆ ಕಾರ್ಖಾನೆಯ ಮನುಷ್ಯ ಅಷ್ಟು ಖಚಿತವಾಗಿ ಕೂಗಿದರೆ ಕಣ್ಣಿಗಿಂತ ಕಿವಿಯನ್ನೇ ನಂಬುತ್ತಾರೆ. ಅವರಲ್ಲೊಬ್ಬಳು ಆಗಲೇ "ಸ್ವಲ್ಪ ಜಾಸ್ತಿನೇ ಆಗಿತ್ತೇನೋಪ್ಪಾ" ಎಂದಳು.

ವಸಂತಮ್ಮ ಅವಳ ಕೈಯನ್ನು ನಲ್ಲಿಯ ನೀರಿನ ಕೆಳಗೆ ಹಿಡಿದರು. ಆಮೇಲೆ ಆಟೋ ಕರೆದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. "ಬನ್ನಿ ಲಿಂಗರಾಜು" ಎಂದು ಕರೆದರು. "ನೀವು ಹೋಗಿರಿ, ಬೆಂಕಿ ಪೂರ್ತಿ ಆರಿದೆಯಾ ನೋಡಿ ಬರ್ತೀನಿ" ಎಂದೆ.

ನಾನು ಉಳಿದದ್ದು ಬೆಂಕಿ ನೋಡುವುದಕ್ಕಲ್ಲ. ನಾಳೆ ಕಂಪನಿಯವರು ಬಂದು ಒಲೆ ತಿರುಗಿಸಿ ನೋಡುತ್ತಾರೆ, ಮಣ್ಣು ಕಾಣುತ್ತೆ, ಯಾರು ಮೆತ್ತಿಸಿದ್ದು ಎಂದು ಕೇಳುತ್ತಾರೆ. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಹೆಂಡತಿ ಬೆಂದ ಕೈ ಹಿಡಿದುಕೊಂಡು ಆಟೋದಲ್ಲಿ ಹೋಗುತ್ತಿದ್ದಳು, ನಾನು ಹಿತ್ತಿಲಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ಒಲೆ ಕೆರೆಯುತ್ತಿದ್ದೆ. ಮಣ್ಣು ಹಪ್ಪಳದ ಹಾಗೆ ಚಕ್ಕೆಚಕ್ಕೆಯಾಗಿ ಎದ್ದುಬಂತು. ಸೀಳು ಒಂದೊಂದನ್ನೂ ತಂತಿ ಹಾಕಿ ಚೊಕ್ಕ ಮಾಡಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಕಾರ್ಖಾನೆಯಲ್ಲಿ ಕೂಡ ನಾನು ಯಾವ ಕೆಲಸವನ್ನೂ ಅಷ್ಟು ಶ್ರದ್ಧೆಯಿಂದ ಮಾಡಿರಲಿಲ್ಲ.

ತಲೆ ಎತ್ತಿದರೆ ಹಿತ್ತಿಲ ಬಾಗಿಲಲ್ಲಿ ಅವ್ವ ಕೂತಿದ್ದಳು. ಎಷ್ಟು ಹೊತ್ತಿನಿಂದ ಕೂತಿದ್ದಳೋ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಎದ್ದು ಬಂದು, ಕೆರೆದ ಮಣ್ಣನ್ನೆಲ್ಲ ಮೊರಕ್ಕೆ ಬಳಿದುಕೊಂಡು ದಾಸವಾಳದ ಗಿಡದ ಬುಡಕ್ಕೆ ಹಾಕಿ, ಕೈ ತೊಳೆದುಕೊಂಡು ಒಳಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಕಂಪನಿಯ ಇಂಜಿನಿಯರ್ ಅಮರೇಶ್ ಬಂದರು. ಸುಮಾರು ಮೂವತ್ತು ವರ್ಷದವರು, ಮಾತು ಮೃದು. ಸುಮಿತ್ರಾಗೆ ಟ್ರೈನಿಂಗ್ ಕೊಟ್ಟವರೇ ಅವರು. ಒಲೆ ತಿರುಗಿಸಿ ಸೀಳು ನೋಡಿದರು, ಟಾರ್ಚ್ ಬಿಟ್ಟು ಒಳಗೆ ನೋಡಿದರು, ಕರಗಿದ ಫ್ಯಾನು ಬಿಚ್ಚಿದರು. ವಸಂತಮ್ಮನೂ ಬಂದು ನಿಂತಿದ್ದರು. ಸುಮಿತ್ರಾ ಬ್ಯಾಂಡೇಜ್ ಹಾಕಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಚಾಪೆಯ ಮೇಲೆ ಕೂತಿದ್ದಳು. ಕೊರಳಲ್ಲಿ ಕಾರ್ಡು ಇತ್ತು.

"ಗಾಳಿ ಹೋಗೋ ದಾರಿ ಕ್ಲೀನಾಗಿದೆ ಮೇಡಂ," ಎಂದರು ಅಮರೇಶ್, ಬೇಜಾರಿನಿಂದ. "ಇದು ಸರಿ ಇದ್ದೂ ಪೆಟ್ಟಿಗೆ ಹಿಂಗೆ ಕಾದಿದೆ ಅಂದ್ರೆ ಗೀಟು ದಾಟಿ ತುಂಬಿರ್ಬೇಕು, ಇಲ್ಲಾ ಉರೀತಿರೋವಾಗ ಮತ್ತೆ ಹಾಕಿರ್ಬೇಕು. ನಾನು ಬರೀಲೇಬೇಕಾಗುತ್ತೆ. ನೀವೇನಂತೀರಿ?"

ಸುಮಿತ್ರಾ ಒಲೆಯನ್ನು ನೋಡಿದಳು. ನಿನ್ನೆ ಬೆಳಿಗ್ಗೆ ಕೆಂಪಗಿದ್ದ ಒಲೆ ಇವತ್ತು ಫಳಫಳ ಹೊಳೆಯುತ್ತಿತ್ತು. ಅವಳಿಗೆ ಅರ್ಥವಾಗದೇ ಇರುತ್ತದೆಯೇ? ನನ್ನ ಕಡೆ ತಿರುಗಿ, "ಅವ್ರನ್ನೇ ಕೇಳಿ ಸಾರ್. ಅವ್ರಿಗೆ ಬೆಂಕಿ ವಿಷಯ ಎಲ್ಲಾ ಗೊತ್ತು," ಎಂದಳು.

ಕುಹಕವಾಡಿದಳು ಎಂದು ತಿಳಿಯಬೇಡಿ. ಅವಳು ನನಗೆ ಒಂದು ಅವಕಾಶ ಕೊಟ್ಟಳು. ನಾನು ಮೆತ್ತಿಸಿದ್ದು, ಬಿಡಿಸಿದ್ದೀನಿ ಎಂದು ಸುಳ್ಳು ಹೇಳಿದ್ದು ನಾನು, ನೀರು ಹಾಕಿದ್ದು ನಾನು. ಇಷ್ಟು ಹೇಳಿದ್ದರೆ ಅವಳ ಕೆಲಸ ಉಳಿಯುತ್ತಿತ್ತು. ನಾಲಿಗೆ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅಮರೇಶ್, "ಹೌದಲ್ಲ, ಸಾರ್ ಫರ್ನೇಸ್ ಅನುಭವದೋರು," ಎಂದು ನನ್ನ ಕಡೆ ಗೌರವದಿಂದ ನೋಡಿದರು. ಆ ನೋಟ ಕಳೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

"ನಾನು ಅಷ್ಟು ಗಮನಿಸ್ಲಿಲ್ಲ," ಎಂದೆ.

ಸುಮಿತ್ರಾ ಮತ್ತೆ ನನ್ನ ಮುಖ ನೋಡಲಿಲ್ಲ. ಎಡಗೈಯಿಂದ ಕೊರಳಿನ ಕಾರ್ಡು ತೆಗೆಯಲು ಹೋದಳು, ದಾರ ಜಡೆಗೆ ಸಿಕ್ಕಿಕೊಂಡಿತು. ವಸಂತಮ್ಮ ಬಿಡಿಸಲು ಬಗ್ಗಿದರು. ಅಷ್ಟರಲ್ಲಿ ಒಳಗಿನಿಂದ ಅವ್ವ ಬಂದಳು.

"ಯಾಕವ್ವ ತೆಗೀತೀಯ, ಇರ್ಲಿ ಬುಡು," ಎಂದು ಸೊಸೆಗೆ ಹೇಳಿ, ಅಮರೇಶ್ ಕಡೆ ತಿರುಗಿದಳು. "ನೋಡಪ್ಪಾ, ಆ ಒಲೆಗೆ ಮಣ್ ಮೆತ್ತಿದ್ದು ನಾನು. ಸಾರಿಸ್ದೆ ಎಡೆ ಮಾಡಕ್ಕಾಯ್ತದಾ ಅಂತ ಸುತ್ತಾ ಮೆತ್ಬುಟ್ಟೆ, ತೂತ್ಗೂ ಮೆತ್ತಿದೆ. ಸುಮಿತ್ರ ಬ್ಯಾಡ ಅಂದ್ಲು. ನನ್ ಮಗನೂ ಬ್ಯಾಡ ಕಣವ್ವ ಅಂದ. ನಾನ್ ಕೇಳ್ನಿಲ್ಲ. ಇವಳ ಕೈ ಸುಟ್ಟ ಮ್ಯಾಲೆ ಎದ್ರಿಕೆ ಆಗಿ ನಾನೇ ಎಲ್ಲಾ ಕೆರೆದಾಕ್ಬುಟ್ಟೆ. ನಂಬ್ಕೆ ಇಲ್ದಿದ್ರೆ ಗಿಡದ್ ಬುಡದಾಗದೆ, ಓಗಿ ನೋಡು."

ಅಮರೇಶ್ ಹೋಗಿ ಒಂದು ಚಕ್ಕೆ ಎತ್ತಿಕೊಂಡು ಬಂದರು. ಅದರ ಒಳಮೈಯಲ್ಲಿ ಸೀಳುಗಳ ಅಚ್ಚು ಸಾಲಾಗಿ ಮೂಡಿತ್ತು. ಒಲೆಗೆ ಹಿಡಿದರು, ಸರಿಯಾಗಿ ಕೂತಿತು. ಅವರ ಮುಖ ಅರಳಿತು, ಪುಣ್ಯಾತ್ಮ, ಸುಮಿತ್ರಾ ಕೆಲಸ ಕಳೆಯಲು ಅವರಿಗೂ ಇಷ್ಟವಿರಲಿಲ್ಲ. "ಹಂಗಾದ್ರೆ ಮೇಡಂ ತಪ್ಪೇ ಇಲ್ಲ. ಅಜ್ಜಿ, ಹಿಂಗೆಲ್ಲ ಮಾಡ್ಬಾರ್ದಮ್ಮ, ಜೀವಕ್ಕೇ ಅಪಾಯ. ನೋಡಿ, ನಿಮ್ಮ ಮಗ ಹೇಳಿದ್ರೂ ಕೇಳ್ಲಿಲ್ವಲ್ಲ ನೀವು," ಎಂದರು. ಹೋಗುವಾಗ ನನ್ನ ಕೈ ಕುಲುಕಿದರು. "ತಾಯಿ ಹೆಸರು ಹೇಳ್ಬಾರ್ದು ಅಂತ ಸುಮ್ನಿದ್ರಿ ಅಲ್ವಾ ಸಾರ್? ಅರ್ಥ ಆಗುತ್ತೆ ಬಿಡಿ."

ಆ ಕೈಯನ್ನು ನಾನು ಕುಲುಕಿದೆ. ಇನ್ನೇನು ಹೇಳಲಿ?

ಅವತ್ತು ಮಧ್ಯಾಹ್ನ ಅವ್ವನ ಹತ್ತಿರ ಹೋಗಿ, "ಯಾಕವ್ವ ಹಂಗಂದೆ?" ಎಂದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ಅವಳ ಕೆಲ್ಸ ಉಳೀಬೇಕಿತ್ತು. ನೀನಂತೂ ಬಾಯ್ ಬುಡಂಗ್ ಕಾಣ್ನಿಲ್ಲ."

ಸುಮಿತ್ರಾ ಜೂನ್‌ನಲ್ಲಿ ಖಾಯಂ ಆದಳು. ಅವಳು ನನ್ನ ಜೊತೆ ಜಗಳ ಆಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಊಟಕ್ಕೆ ಕರೆಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಒಂದು ದಿನ ತಡೆಯಲಾರದೆ, "ನಾನು ಅಮರೇಶ್‌ಗೆ ಫೋನ್ ಮಾಡಿ ಹೇಳ್ಬಿಡ್ತೀನಿ ಕಣೇ," ಎಂದೆ. "ಅತ್ತೆ ಸುಳ್ಳು ಹೇಳಿದ್ರು ಅಂತ ಹೇಳ್ತೀರಾ?" ಎಂದಳು. ನಾನು ಫೋನ್ ಮಾಡಲಿಲ್ಲ.

ಸುದ್ದಿ ಮಾತ್ರ ಒಲೆಗಿಂತ ಬೇಗ ಹೊತ್ತಿಕೊಂಡಿತು. ಸುಮಿತ್ರಾ ಎಲ್ಲ ಮನೆಗೂ ಹೋಗಿ ಒಲೆಗೆ ಮಣ್ಣು ಮೆತ್ತಬೇಡಿ ಎಂದು ಹೇಳಲೇಬೇಕಿತ್ತು, ಏಕೆಂದರೆ ಇನ್ನೂ ಆರು ಮನೆಗಳಲ್ಲಿ ಮೆತ್ತಿಯೇ ಇದ್ದರು. ಅವಳು ಯಾರ ಹೆಸರನ್ನೂ ಎತ್ತುತ್ತಿರಲಿಲ್ಲ. ಆದರೆ ಹೆಂಗಸರಿಗೆ ಗೊತ್ತಿತ್ತಲ್ಲ. ನಮ್ಮವ್ವ ಬೀದಿಯಲ್ಲಿ ಹೋದರೆ "ಫ್ಯಾನ್ ಒಲೆ ಅಜ್ಜಿ ಬಂತು, ಮುಟ್ಟಿಸ್ಬೇಡ್ರೇ" ಎಂದು ನಗುತ್ತಿದ್ದರು. ಪ್ರೀತಿಯ ನಗೆಯೇ, ಕೆಟ್ಟ ಮನಸ್ಸಿನದ್ದಲ್ಲ. ಅವ್ವನೂ ನಗುತ್ತಿದ್ದಳು. ನಾನು ಜೊತೆಗಿದ್ದರೆ ಚಪ್ಪಲಿ ನೋಡಿಕೊಂಡು ನಡೆಯುತ್ತಿದ್ದೆ.

ಶ್ರಾವಣ ಬಂತು. ಮೊದಲ ಸೋಮವಾರ ಮೂವರೂ ಮಠಕ್ಕೆ ಹೋದೆವು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರವಾಗಿ ದೊಡ್ಡ ಒಲೆಯ ಕಡೆ ನಡೆದಳು. ದಾಸೋಹದ ಉಸ್ತುವಾರಿ ನೋಡಿಕೊಳ್ಳುವ ಸದಾಶಿವಯ್ಯ ಅಡ್ಡ ಬಂದು ನಿಂತರು. ಒಳ್ಳೆಯ ಮನುಷ್ಯ, ಕೈ ಮುಗಿದೇ ಮಾತಾಡಿದರು.

"ಮಹದೇವಮ್ನೋರೇ, ಈ ಸಲ ತಾವು ಒಲೆ ಹತ್ರ ಕೂರೋದು ಬೇಡ. ವಯಸ್ಸಾಯ್ತು ನೋಡಿ. ಮನೇಲೂ ಏನೋ ಅನಾಹುತ ಆಯ್ತಂತಲ್ಲ. ಇಲ್ಲಿ ಐನೂರು ಜನದ ಅಡಿಗೆ. ತಾವು ತರಕಾರಿ ಹೆಚ್ಚೋ ಕಡೆ ಕೂತ್ಕೊಳಿ."

ಅವ್ವ ಒಂದು ಗಳಿಗೆ ಒಲೆಯನ್ನೇ ನೋಡಿದಳು. ಆ ಒಲೆಯ ಮುಂದೆ ಬೇರೆ ಯಾರೋ ಆಗಲೇ ಕೂತು ಸೌದೆ ಜೋಡಿಸುತ್ತಿದ್ದರು. "ಆಯ್ತು ಬುಡಿ ಸ್ವಾಮಿ, ಎಲ್ಲಾದ್ರೂ ಸರಿ," ಎಂದು ಸೆರಗು ಬಿಡಿಸಿಕೊಂಡು, ಮೂಲೆಯಲ್ಲಿ ಕುಂಬಳಕಾಯಿ ರಾಶಿಯ ಹತ್ತಿರ ಹೋಗಿ ಕೂತಳು. ಮೂವತ್ತು ವರ್ಷದ ಜಾಗವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟಳು.  ಎರಡು ತಿಂಗಳಿಂದ ಗಂಟಲಲ್ಲಿ ಇಟ್ಟುಕೊಂಡಿದ್ದದ್ದು ತಾನಾಗಿಯೇ ಹೊರಗೆ ಬಿತ್ತು.

"ಸದಾಶಿವಯ್ಯನೋರೇ, ತಪ್ಪು ಅವ್ವಂದಲ್ಲ!" ಎಂದು ಕೂಗಿದೆ. ಕೂಗುವುದೊಂದೇ ನನಗೆ ಗೊತ್ತಿದ್ದದ್ದು. ಪಾತ್ರೆ ಸದ್ದು ನಿಂತಿತು. "ಮಣ್ಣು ಕಲಸಿದ್ದು ನಾನು. ತೂತಿಗೂ ಮೆತ್ತು ಅಂದಿದ್ದು ನಾನು. ಅವ್ವ ಬೇಡ ಅಂದ್ಲು, ಹೆಂಡ್ತಿನೂ ಬೇಡ ಅಂದ್ಲು. ಬಿಡಿಸಿದ್ದೀನಿ ಅಂತ ಸುಳ್ಳು ಹೇಳ್ದೆ, ನೀರು ಸುರಿದೆ, ಅವಳ ಕೈ ಸುಟ್ಟೆ. ಆಮೇಲೆ ಯಾರಿಗೂ ಗೊತ್ತಾಗ್ಬಾರ್ದು ಅಂತ ಕೆರೆದು ಹಾಕ್ದೆ. ಎಲ್ಲಾ ನಾನೇ ಕಣ್ರೀ. ನಮ್ಮವ್ವನ್ನ ಒಲೆ ಮುಂದೆ ಕೂರಿಸಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಉಗಿಯಲಿ, ಬೈಯಲಿ, ಏನಾದರೂ ಆಗಲಿ ಎಂದು ತಲೆ ತಗ್ಗಿಸಿ ನಿಂತೆ. ಎಷ್ಟೋ ಹಗುರ ಅನ್ನಿಸಿತು.

ಸದಾಶಿವಯ್ಯ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣಲ್ಲಿ ನೀರಿತ್ತು. "ಎಂಥಾ ಮಗನಪ್ಪಾ ನೀನು," ಎಂದರು. "ತಾಯಿ ತಲೆ ತಗ್ಗಬಾರ್ದು ಅಂತ ತಪ್ಪನ್ನ ತನ್ನ ತಲೆ ಮೇಲೆ ಎಳ್ಕೊಳ್ಳೋರು ಈ ಕಾಲದಲ್ಲಿ ಯಾರಿದ್ದಾರೆ?"

"ಇಲ್ಲ ಸ್ವಾಮಿ, ನಿಜ ಹೇಳ್ತಿದ್ದೀನಿ..."

"ಸುಮ್ಕಿರ್ಲಾ!" ಮೂಲೆಯಿಂದ ಅವ್ವ ಗದರಿಸಿದಳು. "ಅವನ್ ಮಾತ್ ನಂಬಬ್ಯಾಡಿ ಸ್ವಾಮಿ. ಮೆತ್ತಿದ್ದು ನನ್ ಕೈಯೇ. ನನ್ ಬೈತಾರಲ್ಲ ಅಂತ ಸಂಕ್ಟ ಅವನಿಗೆ."

ಹೆಂಗಸರ ನಡುವೆ ಅಯ್ಯೋ ಪಾಪ, ಅಯ್ಯೋ ಪಾಪ ಎಂದು ಗುಸುಗುಸು ಎದ್ದಿತು. ವಸಂತಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, "ನಾನು ಅವತ್ತೇ ಅಂದ್ಕೊಂಡೆ. ಇಂಜಿನಿಯರ್ ಮುಂದೇನೂ ತಾಯಿಗೋಸ್ಕರ ಬಾಯಿ ಮುಚ್ಕೊಂಡು ನಿಂತಿದ್ರು," ಎಂದು ಪಕ್ಕದವರಿಗೆ ಹೇಳಿದರು.

ನಿಜ ಬಲ್ಲವಳು ಇನ್ನೊಬ್ಬಳು ಇದ್ದಳಲ್ಲ. ಅನ್ನದ ಬುಟ್ಟಿಗೆ ಬಾಳೆಲೆ ಹಾಸುತ್ತಿದ್ದ ಸುಮಿತ್ರಾ ಹತ್ತಿರ ಓಡಿದೆ. ಅವಳ ಬಲಗೈಯ ಚರ್ಮ ಮೊಣಕೈವರೆಗೆ ಗುಲಾಬಿ ಬಣ್ಣಕ್ಕೆ ತಿರುಗಿ ಸುಕ್ಕಾಗಿತ್ತು. "ನೀನಾದ್ರೂ ಹೇಳೇ. ನಿನ್ನ ಮಾತು ನಂಬ್ತಾರೆ," ಎಂದೆ.

ಅವಳು ಬಾಳೆಲೆಯನ್ನು ಸರಿಯಾಗಿ ಹಾಸಿ ಮುಗಿಸಿದಳು. ಆಮೇಲೆ ನನ್ನ ಮುಖ ನೋಡಿದಳು, ಆ ದಿನದ ನಂತರ ಮೊದಲ ಸಲ.

"ಈಗ ನಾನು ಹೇಳಿದ್ರೆ ಅತ್ತೆ ಸುಳ್ಳುಗಾತಿ ಆಗ್ತಾರೆ. ಅದೂ ಈ ಮಠದಲ್ಲಿ," ಎಂದಳು ಮೆಲ್ಲಗೆ. "ಅವತ್ತು ನಿಮ್ಮನ್ನೇ ಕೇಳಿ ಅಂದೆ ನಾನು."

ಅಷ್ಟೇ ಹೇಳಿ ಬುಟ್ಟಿ ಎತ್ತಿಕೊಂಡು ಹೋದಳು.

ಸದಾಶಿವಯ್ಯ ಅವ್ವನನ್ನು ಒಲೆಯ ಮುಂದೆ ಕೂರಿಸಲಿಲ್ಲ. ಅವತ್ತೂ ಇಲ್ಲ, ಮುಂದಿನ ಶ್ರಾವಣದಲ್ಲೂ ಇಲ್ಲ. ನಾನು ಹೋಗಿ ಅವ್ವನ ಎದುರಿಗೆ ನೆಲದ ಮೇಲೆ ಕೂತೆ. ನಿಲ್ಲಲು ಬೇರೆ ಜಾಗವಿರಲಿಲ್ಲ. ಈಳಿಗೆಮಣೆ ಎಳೆದುಕೊಂಡು ಒಂದು ಕುಂಬಳಕಾಯಿ ತಗೊಂಡೆ. ಕಣ್ಣು ಮಂಜಾಗಿ ಹೋಳುಗಳು ದಪ್ಪ ಸಣ್ಣ ಬೀಳುತ್ತಿದ್ದವು. ಅವ್ವ ದಪ್ಪ ಹೋಳುಗಳನ್ನು ಆರಿಸಿಕೊಂಡು ಮತ್ತೆ ಸಣ್ಣಗೆ ಹೆಚ್ಚುತ್ತಿದ್ದಳು.

ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದ ಯಾರೋ ಒಬ್ಬ ಹೆಂಗಸು ನಿಂತು, ತನ್ನ ಮಗನ ರಟ್ಟೆ ಹಿಡಿದು ನಮ್ಮ ಕಡೆ ತಿರುಗಿಸಿದಳು. "ನೋಡಿ ಕಲ್ತ್ಕೋ," ಎಂದಳು. "ತಾಯೀನ ಹಿಂಗೆ ನೋಡ್ಕೋಬೇಕು."